ಹೊರಗೆ ಒಯ್ಯುವ ಆಮ್ಲಜನಕ ಯಂತ್ರ: ಚಿಕ್ಕದು 5 ಕೊಡುವಾಗ ದೊಡ್ಡದು 3 ಕೊಡುವುದು ಹೇಗೆ?

ಹೊಂಗೆನೆರಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ ಈಗ 68 ವರ್ಷ. ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ ಇದೆ. ಅಪಧಮನಿಯ ರಕ್ತ ಪರೀಕ್ಷೆ ಮಾಡಿಸಿದ ಶ್ವಾಸಕೋಶ ತಜ್ಞರು, ದಿನಕ್ಕೆ ಕನಿಷ್ಠ 15 ಗಂಟೆ ಆಮ್ಲಜನಕ ಹಾಕಿಕೊಂಡಿರಬೇಕೆಂದೂ, ಕುಳಿತಾಗಲೂ ಮಲಗಿದಾಗಲೂ ನಿಮಿಷಕ್ಕೆ 2 ಲೀಟರ್, ನಡೆಯುವಾಗ 3 ಲೀಟರ್ ಇಟ್ಟುಕೊಳ್ಳಬೇಕೆಂದೂ ಬರೆದುಕೊಟ್ಟಿದ್ದಾರೆ. ಮನೆಯಲ್ಲಿ ನಿಮಿಷಕ್ಕೆ 5 ಲೀಟರ್ ಸಾಮರ್ಥ್ಯದ, ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿಕೊಡುವ ದೊಡ್ಡ ಕಾನ್ಸನ್‌ಟ್ರೇಟರ್ ಇದೆ. ಅದು ಚೆನ್ನಾಗಿಯೇ ನಡೆಯುತ್ತಿದೆ. ಆದರೆ ಅದರ ನಳಿಕೆ ಮುಟ್ಟುವಷ್ಟು ದೂರಕ್ಕೇ ಅವರ ಓಡಾಟ ನಿಂತುಹೋಗಿದೆ. ಬೆಳಗಿನ ನಡಿಗೆ ಬಿಟ್ಟಿದ್ದಾರೆ, ಸ್ನೇಹಿತರ ಮನೆಗೆ ಹೋಗುವುದನ್ನೂ ಬಿಟ್ಟಿದ್ದಾರೆ. ಮುಂದೆ ಒಂದು ವಿಮಾನ ಪ್ರಯಾಣವನ್ನೂ ಮಾಡಬೇಕಾಗಿದೆ.

ಹೊರಗೆ ಒಯ್ಯಬಹುದಾದ ಉಪಕರಣ ಕೊಳ್ಳೋಣವೆಂದು ಹುಡುಕತೊಡಗಿದ ಮೇಲೆ ಗೊಂದಲವೇ ಹೆಚ್ಚಾಯಿತು. ಸುಮಾರು 2 ಕಿಲೋ ತೂಗುವ, ಹೆಗಲಿಗೆ ಹಾಕಿಕೊಳ್ಳುವ ಯಂತ್ರವೊಂದರಲ್ಲಿ 1ರಿಂದ 5ರವರೆಗೆ ಅಂಕಿಗಳಿವೆ. ಮಾರುವವರು ಅದನ್ನು "5 ಲೀಟರ್ ಯಂತ್ರ" ಎಂದೇ ಕರೆಯುತ್ತಾರೆ. ಇನ್ನೊಂದು ಎಂಟೊಂಬತ್ತು ಕಿಲೋ ತೂಗುತ್ತದೆ, ಚಕ್ರದ ಗಾಡಿಯಲ್ಲಿಟ್ಟು ಎಳೆದುಕೊಂಡು ಹೋಗಬೇಕು, ಆದರೂ ಅದು ಕೊಡುವುದು ಹೆಚ್ಚೆಂದರೆ 3 ಲೀಟರ್ ಅಂತೆ. ಚಿಕ್ಕದು 5 ಕೊಡುವಾಗ ದೊಡ್ಡದು 3 ಮಾತ್ರ ಕೊಡುವುದು ಹೇಗೆ? ಇವೆರಡನ್ನೂ ಬಿಟ್ಟು ಸಣ್ಣ ಸಿಲಿಂಡರ್ ತೆಗೆದುಕೊಳ್ಳಿ ಎನ್ನುವವರೂ ಇದ್ದಾರೆ. ಕೈಯಲ್ಲಿ ಹಿಡಿಯುವ ಆಮ್ಲಜನಕದ ಡಬ್ಬಿಗಳೇ ಸಾಕು ಎನ್ನುವವರೂ ಇದ್ದಾರೆ. ಬಳಸಿ ಅನುಭವವಿರುವವರು, ಈ ಯಂತ್ರಗಳ ಒಳಗನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉಸಿರುಗಾವಲು

ನಾನು ಶ್ವಾಸ ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಅರ್ಧ ಭಾಗವಿದೆ: ಚಿಕ್ಕ ಯಂತ್ರದ ಮೇಲಿರುವ 5 ಎಂಬುದು ಲೀಟರ್ ಅಲ್ಲವೇ ಅಲ್ಲ. ಅದು ಆ ತಯಾರಕರು ತಮ್ಮ ಯಂತ್ರಕ್ಕೆ ಕೊಟ್ಟುಕೊಂಡ ಒಂದು ಹಂತದ ಗುರುತು, ಅಷ್ಟೆ.

ಮನೆಯ ದೊಡ್ಡ ಯಂತ್ರವೂ, ಗಾಡಿಯಲ್ಲಿಟ್ಟು ಎಳೆಯುವ 3 ಲೀಟರಿನದೂ ನಿರಂತರ ಹರಿವಿನವು. ರೋಗಿ ಉಸಿರು ಎಳೆದುಕೊಳ್ಳುತ್ತಿರಲಿ, ಬಿಡುತ್ತಿರಲಿ, ನಿಮಿಷಕ್ಕೆ 2 ಲೀಟರ್ ಎಂದರೆ 2 ಲೀಟರ್ ಹರಿದೇ ಹರಿಯುತ್ತದೆ. ಹೆಗಲಿಗೆ ಹಾಕಿಕೊಳ್ಳುವ ಯಂತ್ರ ಹಾಗೆ ಮಾಡಿದರೆ ಅದರ ಗಾತ್ರವೂ ಬ್ಯಾಟರಿಯೂ ಸಾಲುವುದಿಲ್ಲ. ಆದ್ದರಿಂದ ಅದು ರೋಗಿ ಉಸಿರನ್ನು ಒಳಗೆಳೆಯಲು ಆರಂಭಿಸಿದ ಕ್ಷಣವನ್ನು ಮೂಗಿನ ನಳಿಕೆಯಲ್ಲಿ ಒತ್ತಡ ಇಳಿಯುವುದರಿಂದ ಗುರುತಿಸಿ, ಆಗ ಮಾತ್ರ ಹತ್ತಾರು ಮಿಲಿಲೀಟರ್‌ಗಳಷ್ಟು ಆಮ್ಲಜನಕವನ್ನು ಒಂದೇ ಬಾರಿಗೆ ಬಿಡುತ್ತದೆ. ಇದನ್ನು ಪಲ್ಸ್ ಡೋಸ್ ಎನ್ನುತ್ತೇವೆ. ಉಸಿರಿನ ಆರಂಭದಲ್ಲಿ ಹೋದದ್ದು ಶ್ವಾಸಕೋಶದ ಆಳಕ್ಕೆ ತಲುಪುತ್ತದೆ, ಕೊನೆಯಲ್ಲಿ ಹೋದದ್ದು ಗಂಟಲು ಮತ್ತು ಶ್ವಾಸನಾಳದಲ್ಲೇ ಉಳಿದು ಹೊರಗೆ ಬಂದುಬಿಡುತ್ತದೆ. ಹಾಗಾಗಿ ಈ ಉಪಾಯ ಕೇವಲ ಮಾರಾಟದ ತಂತ್ರವಲ್ಲ, ಅದರ ಹಿಂದೆ ನಿಜವಾದ ಲೆಕ್ಕವಿದೆ. ಆದರೆ 2 ಕಿಲೋ ತೂಕದ ಹೆಚ್ಚಿನ ಯಂತ್ರಗಳು ತಮ್ಮ ಅತ್ಯಂತ ಮೇಲಿನ ಅಂಕಿಯಲ್ಲಿಯೂ ಒಂದು ನಿಮಿಷದಲ್ಲಿ ಒಟ್ಟಾರೆ ತಯಾರಿಸುವುದು 1 ಲೀಟರಿನ ಆಸುಪಾಸು. ಒಂದು ಕಂಪನಿಯ 3 ಇನ್ನೊಂದರ 3ಕ್ಕೆ ಸಮವಾಗಿರಬೇಕೆಂಬ ನಿಯಮವೂ ಇಲ್ಲ. ಕೈಪಿಡಿಯ ಕೊನೆಯ ಪುಟಗಳಲ್ಲಿ, ಯಾವ ಅಂಕಿಗೆ ಪ್ರತಿ ಉಸಿರಿಗೆ ಅಥವಾ ಪ್ರತಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಎಂಬ ಕೋಷ್ಟಕವಿರುತ್ತದೆ. ಕೊಳ್ಳುವ ಮೊದಲು ಓದಬೇಕಾದದ್ದು ಅದನ್ನೇ.

ಇನ್ನೊಂದು ಸೂಕ್ಷ್ಮವಿದೆ. ಕೆಲವು ಯಂತ್ರಗಳು ನಿಮಿಷಕ್ಕೆ ಇಷ್ಟು ಎಂಬ ಮೊತ್ತವನ್ನು ಸ್ಥಿರವಾಗಿಟ್ಟುಕೊಂಡು ಅದನ್ನೇ ಉಸಿರುಗಳ ಸಂಖ್ಯೆಗೆ ಹಂಚುತ್ತವೆ. ಉದಾಹರಣೆಗೆ ನಿಮಿಷಕ್ಕೆ 600 ಮಿಲಿಲೀಟರ್ ಎಂದಿಟ್ಟುಕೊಳ್ಳಿ: ಕುಳಿತಿದ್ದಾಗ ನಿಮಿಷಕ್ಕೆ 15 ಉಸಿರಾದರೆ ಪ್ರತಿ ಉಸಿರಿಗೆ 40 ಮಿಲಿಲೀಟರ್ ಸಿಗುತ್ತದೆ, ಮೆಟ್ಟಿಲು ಹತ್ತುತ್ತಾ ಉಸಿರು 30ಕ್ಕೆ ಏರಿದರೆ 20 ಮಾತ್ರ. ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಪ್ರತಿ ಉಸಿರಿನ ಪಾಲು ಕಡಿಮೆಯಾಗುತ್ತದೆ. ಬೇರೆ ಕೆಲವು ಯಂತ್ರಗಳು ಪ್ರತಿ ಉಸಿರಿನ ಪಾಲನ್ನು ಸ್ಥಿರವಾಗಿಡುತ್ತವೆ, ಆದರೆ ಅವುಗಳಿಗೂ ಒಂದು ಮಿತಿಯಿದ್ದು, ಉಸಿರು ಬಹಳ ವೇಗವಾದಾಗ ಅವೂ ಸೋಲುತ್ತವೆ.

ಹೀಗಿರುವುದರಿಂದ ಕಾಗದದ ಮೇಲೆ ಎರಡು ಯಂತ್ರಗಳನ್ನು ಹೋಲಿಸಿ ತೀರ್ಮಾನಿಸುವುದಕ್ಕೆ ನಾನು ಒಪ್ಪುವುದಿಲ್ಲ. ಕೊಳ್ಳಲಿರುವ ಅದೇ ಯಂತ್ರವನ್ನು ತಂದೆಯವರಿಗೆ ಹಾಕಿ, ಬೆರಳಿಗೆ ಪಲ್ಸ್ ಆಕ್ಸಿಮೀಟರ್ (ರಕ್ತದಲ್ಲಿನ ಆಮ್ಲಜನಕದ ಮಟ್ಟವನ್ನು ಶೇಕಡದಲ್ಲಿ ತೋರಿಸುವ ಉಪಕರಣ) ಕಟ್ಟಿ, ಅವರು ದಿನವೂ ನಡೆಯುವ ವೇಗದಲ್ಲಿಯೇ ಆರು ನಿಮಿಷ ನಡೆಸಿ ನೋಡಬೇಕು. ಸಾಧ್ಯವಿದ್ದರೆ ಕೆಲವು ಮೆಟ್ಟಿಲುಗಳನ್ನೂ ಹತ್ತಿಸಬೇಕು. ಇದನ್ನು ನಿಮ್ಮ ವೈದ್ಯರ ಬಳಿ ಅಥವಾ ಪುನರ್ವಸತಿ ವಿಭಾಗದಲ್ಲಿ ಮಾಡಿಸುವುದು ಒಳ್ಳೆಯದು. ಬೆರಳಿನಲ್ಲಿ ಕಾಣುವ ಅಂಕಿ ನಿಜ ಸ್ಥಿತಿಗಿಂತ ಅರ್ಧ ನಿಮಿಷದಷ್ಟು ಹಿಂದಿರಬಹುದಾದ್ದರಿಂದ ನಿಂತ ಮೇಲೂ ಸ್ವಲ್ಪ ಹೊತ್ತು ನೋಡುತ್ತಿರಬೇಕು. ತಣ್ಣನೆಯ ಬೆರಳು, ಉಗುರು ಬಣ್ಣ ಇವು ಓದನ್ನು ಕೆಡಿಸುತ್ತವೆ. ಚರ್ಮದ ಬಣ್ಣ ಗಾಢವಾಗಿದ್ದವರಲ್ಲಿ ಆಕ್ಸಿಮೀಟರ್ ನಿಜಕ್ಕಿಂತ ಹೆಚ್ಚಿನ ಅಂಕಿ ತೋರಿಸುವ ಸಾಧ್ಯತೆಯಿದೆ ಎಂಬುದು 2020ರ ನಂತರ ಬಹಳವಾಗಿ ಚರ್ಚೆಯಾಗಿರುವ ವಿಷಯ. ಆದ್ದರಿಂದ ಶೇಕಡ 88 ಎಂಬ ಕೆಳಗಿನ ಗೆರೆಗೆ ಅಂಟಿಕೊಂಡು ನಿಲ್ಲುವ ಯಂತ್ರವನ್ನು "ಪಾಸಾಯಿತು" ಎನ್ನಬೇಡಿ.

ಹಾಗೆಂದು ಅಂಕಿ ಕಡಿಮೆಯಾಯಿತೆಂದು ನೀವೇ ಹರಿವನ್ನು ಏರಿಸುತ್ತ ಹೋಗುವುದೂ ಸರಿಯಲ್ಲ. ಸಿಒಪಿಡಿ ಇರುವ ಕೆಲವರಲ್ಲಿ ಆಮ್ಲಜನಕ ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಶೇಖರವಾಗುತ್ತದೆ. ಅಂಥವರಿಗೆ ಸಾಮಾನ್ಯವಾಗಿ 88ರಿಂದ 92ರ ಗುರಿಯನ್ನು ಕೊಡುತ್ತಾರೆ. ನಿಮ್ಮ ತಂದೆಯವರ ಗುರಿ ಎಷ್ಟು ಎಂಬುದನ್ನು ವೈದ್ಯರಿಂದ ಬರೆಯಿಸಿಕೊಳ್ಳಿ. ಬೆಳಗ್ಗೆ ತಲೆನೋವು, ಹಗಲಿನಲ್ಲಿ ವಿಪರೀತ ಮಂಪರು ಕಂಡುಬಂದರೆ ತಡಮಾಡದೆ ತಿಳಿಸಿ.

ಹಗಲುದೀಪ

ನಮ್ಮ ಅಮ್ಮನಿಗೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ, ಅಂದರೆ ಫೈಬ್ರೋಸಿಸ್. ಈ ಕಾಯಿಲೆಯಲ್ಲಿ ಕುಳಿತಿದ್ದಾಗ 95 ಇರುವ ಅಂಕಿ ಹತ್ತು ಹೆಜ್ಜೆ ನಡೆದೊಡನೆ 80ಕ್ಕೆ ಜಾರುವುದುಂಟು. ಮೇಲಿನವರು ಹೇಳಿದ ನಡಿಗೆಯ ಪರೀಕ್ಷೆಯನ್ನು ನಾವು ಬಾಡಿಗೆಗೆ ತಂದ ಹೆಗಲ ಯಂತ್ರದಲ್ಲಿ ಮಾಡಿಸಿದೆವು. ಅತ್ಯಂತ ಮೇಲಿನ ಅಂಕಿಯಲ್ಲಿಯೂ ಅವರ ಮಟ್ಟ ನಿಲ್ಲಲಿಲ್ಲ. ಯಂತ್ರ ಕೆಟ್ಟದ್ದಾಗಿರಲಿಲ್ಲ, ಅಮ್ಮನಿಗೆ ಅದು ಸಾಲದಾಗಿತ್ತು. ಬಾಡಿಗೆಗೆ ತಂದಿದ್ದರಿಂದ ಹಿಂತಿರುಗಿಸಿದೆವು. ಕೊಳ್ಳುವ ಮುನ್ನ ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಿ. ಪರೀಕ್ಷಿಸಲು ಕೊಡದವರ ಹತ್ತಿರ ಕೊಳ್ಳಲೇಬೇಡಿ ಎನ್ನುವಷ್ಟು ಗಟ್ಟಿಯಾಗಿ ಈ ಮಾತು ಹೇಳುತ್ತೇನೆ.

ಈಗ ನಾವು ಬಳಸುತ್ತಿರುವುದು ಅಲ್ಯೂಮಿನಿಯಂ ಸಿಲಿಂಡರ್. ಅದರ ಲೆಕ್ಕ ಬಹಳ ಸರಳ: ಸಿಲಿಂಡರಿನ ನೀರಿನ ಅಳತೆಯನ್ನು, ಅಂದರೆ ಅದರಲ್ಲಿ ಎಷ್ಟು ಲೀಟರ್ ನೀರು ಹಿಡಿಯುತ್ತದೆ ಎಂಬುದನ್ನು, ಬಾರ್ ಲೆಕ್ಕದ ಒತ್ತಡದಿಂದ ಗುಣಿಸಿದರೆ ಒಳಗಿರುವ ಅನಿಲದ ಪ್ರಮಾಣ ಸಿಗುತ್ತದೆ. 2 ಲೀಟರ್ ಸಿಲಿಂಡರನ್ನು 150 ಬಾರ್ ಒತ್ತಡಕ್ಕೆ ತುಂಬಿಸಿದ್ದರೆ 300 ಲೀಟರ್. ನಿಮಿಷಕ್ಕೆ 3 ಲೀಟರಿನಂತೆ ಬಿಟ್ಟರೆ 100 ನಿಮಿಷ ಬರುತ್ತದೆ. ಕಾಲು ಭಾಗ ಆಪತ್ತಿಗೆಂದು ಉಳಿಸಿಕೊಂಡರೆ ಸುಮಾರು ಒಂದೂಕಾಲು ಗಂಟೆ. ಒತ್ತಡ ಮಾಪಕದ ಮುಳ್ಳು ಅರ್ಧಕ್ಕೆ ಬಂದಿದೆಯೆಂದರೆ ಅನಿಲವೂ ಅರ್ಧವೇ ಉಳಿದಿದೆ, ಊಹೆಯ ಪ್ರಶ್ನೆಯೇ ಇಲ್ಲ. ಸಿಲಿಂಡರಿಗೂ ಪಲ್ಸ್ ರೆಗ್ಯುಲೇಟರ್ ಹಾಕಿಸಿದರೆ ಅವಧಿ ಹಲವು ಪಟ್ಟು ಹೆಚ್ಚುತ್ತದೆ, ಆದರೆ ಆಗಲೂ ಮತ್ತೆ ನಡೆಸಿ ನೋಡಲೇಬೇಕು. ಸಿಲಿಂಡರಿಗೆ ವಿದ್ಯುತ್ ಬೇಡ, ಸದ್ದಿಲ್ಲ, ಬೇಕಾದಷ್ಟು ಹರಿವು ಕೊಡುತ್ತದೆ. ತೊಡಕಿರುವುದು ತುಂಬಿಸುವುದರಲ್ಲಿ. ಎರಡು ಸಿಲಿಂಡರ್ ಇಟ್ಟುಕೊಳ್ಳದೆ ಈ ದಾರಿ ಹಿಡಿಯಬೇಡಿ.

ದ್ರವರೂಪದ ಆಮ್ಲಜನಕ ಸಿಗುವ ಕಡೆ ಅದು ಇನ್ನೂ ಅನುಕೂಲ. 1 ಲೀಟರ್ ದ್ರವ ಆವಿಯಾದರೆ ಸುಮಾರು 860 ಲೀಟರ್ ಅನಿಲವಾಗುತ್ತದೆ. ಆದರೆ ಅದು ಮೈನಸ್ 183 ಡಿಗ್ರಿಯ ವಸ್ತು, ಮುಟ್ಟಿದರೆ ಚರ್ಮ ಸುಡುತ್ತದೆ, ಬಳಸದೆ ಇಟ್ಟರೂ ಆವಿಯಾಗಿ ಹೋಗುತ್ತಲೇ ಇರುತ್ತದೆ, ಮತ್ತು ಎಲ್ಲ ಕಡೆಯೂ ಸಿಗುವುದಿಲ್ಲ.

ತೂಕದ ವಿಷಯವನ್ನು ಮಾರುವವರು ಹೇಳುವ ರೀತಿಯಲ್ಲಿ ನೋಡಬೇಡಿ. ಯಾರು ಹೊರುತ್ತಾರೆ ಎಂಬುದೇ ಮುಖ್ಯ. ಉಸಿರಾಟದ ತೊಂದರೆ ಇರುವವರ ಹೆಗಲಿಗೆ ಮೂರು ಕಿಲೋ ಹಾಕಿದರೆ ಆ ಹೊರೆಗೇ ಹೆಚ್ಚಿನ ಆಮ್ಲಜನಕ ಬೇಕಾಗುತ್ತದೆ. ಚಕ್ರದ ಗಾಡಿ ಸಮತಟ್ಟಾದ ನೆಲದಲ್ಲಿ ಸುಖ, ಮೆಟ್ಟಿಲಿನ ಬುಡದಲ್ಲಿ ಶಿಕ್ಷೆ. ಇನ್ನೊಂದು ಮಾತನ್ನು ಹೇಳಲೇಬೇಕು: ಮೂಗಿಗೆ ನಳಿಕೆ ಹಾಕಿಕೊಂಡು ನಾಲ್ಕು ಜನರ ಮುಂದೆ ಹೋಗಲು ಅನೇಕ ಹಿರಿಯರಿಗೆ ಸಂಕೋಚವಿರುತ್ತದೆ. ಅಮ್ಮನಿಗೂ ಇತ್ತು. ಯಾವ ಯಂತ್ರವನ್ನು ಅವರು ನಿಜವಾಗಿಯೂ ಹಾಕಿಕೊಂಡು ಹೊರಡುತ್ತಾರೆ ಎಂದು ತಂದೆಯವರನ್ನೇ ಕೇಳಿ, ಅವರಿಗೆ ಬೇಡವೆನಿಸಿದ್ದನ್ನು ತಂದರೆ ಅದು ಮೂಲೆ ಸೇರುತ್ತದೆ.

ಜರಡಿಮನೆ

ನಾನು ಇಂಥ ಉಪಕರಣಗಳನ್ನು ದುರಸ್ತಿ ಮಾಡುವವನು. ಮೊದಲು ಆ ಡಬ್ಬಿಗಳ ಮಾತು ಮುಗಿಸಿಬಿಡುತ್ತೇನೆ. ಒಂದು ಡಬ್ಬಿಯಲ್ಲಿ ಐದರಿಂದ ಹತ್ತು ಲೀಟರ್ ಅನಿಲವಿರುತ್ತದೆ. ನಿಮಿಷಕ್ಕೆ 2 ಲೀಟರ್ ಬೇಕಾದವರಿಗೆ ಅದು ಹೆಚ್ಚೆಂದರೆ ಐದು ನಿಮಿಷ. ಚಿಕಿತ್ಸೆಯ ಲೆಕ್ಕದಲ್ಲಿ ಅದು ಏನೂ ಅಲ್ಲ.

ಅದಕ್ಕಿಂತ ಅಪಾಯಕಾರಿಯಾದದ್ದು ಇನ್ನೊಂದಿದೆ. ಕಾನ್ಸನ್‌ಟ್ರೇಟರ್ ಆಮ್ಲಜನಕವನ್ನು ಸೃಷ್ಟಿಸುವುದಿಲ್ಲ; ಸುತ್ತಲಿನ ಗಾಳಿಯನ್ನು ಒತ್ತಿ, ಜಿಯೋಲೈಟ್ ಎಂಬ ಹರಳುಗಳ ಮೂಲಕ ಹಾಯಿಸಿ, ಸಾರಜನಕವನ್ನು ಹಿಡಿದಿಟ್ಟು ಉಳಿದದ್ದನ್ನು ಕೊಡುತ್ತದೆ. ಗಾಳಿಯಲ್ಲಿ ಶೇಕಡ 21ರಷ್ಟಿರುವ ಆಮ್ಲಜನಕ ಹೀಗೆ ಶೇಕಡ 90ರ ಸುತ್ತಮುತ್ತ ಬರಬೇಕು. ಆದರೆ "1ರಿಂದ 7 ಲೀಟರ್" ಎಂದು ಬರೆದುಕೊಂಡು ಅಂತರ್ಜಾಲದಲ್ಲಿ ಮಾರಾಟವಾಗುವ ಕೆಲವು ಅಗ್ಗದ ಯಂತ್ರಗಳು 1 ಲೀಟರ್ ಹರಿವಿನಲ್ಲಿ ಮಾತ್ರ 90 ಕೊಟ್ಟು, ಹರಿವು ಏರಿಸಿದಂತೆ ಸಾಂದ್ರತೆ ಇಳಿಯುತ್ತ 7 ಲೀಟರಿಗೆ ಬರುವಷ್ಟರಲ್ಲಿ ಶೇಕಡ 30ಕ್ಕೆ ಬಂದು ನಿಲ್ಲುತ್ತವೆ. ನೀರು ಬೆರೆಸಿದ ಹಾಲು ಪಾತ್ರೆ ತುಂಬ ಇದ್ದರೇನು? ಗರಿಷ್ಠ ಹರಿವಿನಲ್ಲಿ ಸಾಂದ್ರತೆ ಎಷ್ಟು ಎಂದು ಬರಹದಲ್ಲಿ ಕೇಳಿ. ಸಾಂದ್ರತೆ ಇಳಿದರೆ ಎಚ್ಚರಿಸುವ ಗಂಟೆ ಯಂತ್ರದಲ್ಲಿದೆಯೇ ಎಂದು ನೋಡಿ. ಉಸಿರು ಗುರುತಿಸಲಾಗದಿದ್ದಾಗ, ಬ್ಯಾಟರಿ ಕುಗ್ಗಿದಾಗ ಕೂಗುವ ಎಚ್ಚರಿಕೆಗಳೂ ಇರಬೇಕು, ಮತ್ತು ಅವು ನಿಮ್ಮ ತಂದೆಯವರ ಕಿವಿಗೆ ಕೇಳಿಸಬೇಕು.

ಬ್ಯಾಟರಿಯ ಅವಧಿಯನ್ನು ಜಾಹೀರಾತಿನಲ್ಲಿ ಬರೆದಿರುವುದು ಸಾಮಾನ್ಯವಾಗಿ ಅತ್ಯಂತ ಕೆಳಗಿನ ಅಂಕಿಗೆ, ಹೊಸ ಬ್ಯಾಟರಿಗೆ. ಅಂಕಿ ಏರಿದಂತೆ ಅವಧಿ ಅರ್ಧಕ್ಕೂ ಇಳಿಯಬಹುದು, ಬ್ಯಾಟರಿ ಹಳೆಯದಾದಂತೆ ಇನ್ನಷ್ಟು ಇಳಿಯುತ್ತದೆ. ಜಿಯೋಲೈಟಿಗೆ ತೇವವೇ ಶತ್ರು. ಬಳಸದೆ ತಿಂಗಳುಗಟ್ಟಲೆ ಮುಚ್ಚಿಟ್ಟ ಯಂತ್ರ, ನಿತ್ಯ ಓಡುವ ಯಂತ್ರಕ್ಕಿಂತ ಬೇಗ ಕೆಡುವುದನ್ನು ನಾನು ಬೆಂಚಿನ ಮೇಲೆ ನೋಡುತ್ತಲೇ ಇರುತ್ತೇನೆ. ಹೊರಗೆ ಹೋಗುವ ಸಂದರ್ಭವಿಲ್ಲದಿದ್ದರೂ ಆಗಾಗ ಸ್ವಲ್ಪ ಹೊತ್ತು ಓಡಿಸಿ. ಜರಡಿಯಂತೆ ಕೆಲಸ ಮಾಡುವ ಈ ಜಿಯೋಲೈಟ್ ಹರಳುಗಳ ಭಾಗವನ್ನು ಬಳಕೆದಾರರೇ ಬದಲಾಯಿಸಬಹುದಾದ ವಿನ್ಯಾಸಗಳಿವೆ, ಕಾರ್ಖಾನೆಗೇ ಕಳಿಸಬೇಕಾದ ವಿನ್ಯಾಸಗಳೂ ಇವೆ. ಕಳಿಸಿದ ಅವಧಿಯಲ್ಲಿ ಬದಲಿ ಯಂತ್ರ ಕೊಡುತ್ತಾರೆಯೇ ಎಂಬ ಪ್ರಶ್ನೆಯನ್ನು ಹಣ ಕೊಡುವ ಮೊದಲೇ ಕೇಳಬೇಕು. ಗಾಳಿ ಒಳಹೋಗುವ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ಯಂತ್ರವನ್ನಾಗಲಿ ಬ್ಯಾಟರಿಯನ್ನಾಗಲಿ ಬಿಡಬೇಡಿ.

ಬೆಂಕಿಯ ಎಚ್ಚರಿಕೆ ಎಲ್ಲ ಬಗೆಯ ಉಪಕರಣಕ್ಕೂ ಒಂದೇ. ಆಮ್ಲಜನಕ ತಾನಾಗಿ ಉರಿಯುವುದಿಲ್ಲ, ಉರಿಯುವುದನ್ನು ಭುಗಿಲೆಬ್ಬಿಸುತ್ತದೆ. ಬಟ್ಟೆ, ಹಾಸಿಗೆಗಳಲ್ಲಿ ಅದು ತುಂಬಿಕೊಂಡಿರುತ್ತದೆ. ಒಲೆ, ದೀಪ, ಬೀಡಿ, ಸಿಗರೇಟುಗಳಿಂದ ಕನಿಷ್ಠ 3 ಮೀಟರ್ ದೂರವಿರಲಿ. ಮೂಗು ಒಣಗಿತೆಂದು ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಡಿ, ನೀರು ಆಧಾರಿತ ಮುಲಾಮು ಬಳಸಿ. ಸಿಲಿಂಡರಿನ ಕವಾಟಕ್ಕೆ ಎಣ್ಣೆ ಕೈ ತಾಗಿಸಬೇಡಿ. ಅದನ್ನು ನಿಧಾನವಾಗಿಯೇ ತೆರೆಯಬೇಕು, ಬೀಳದಂತೆ ಕಟ್ಟಿಡಬೇಕು.

ಮುಸ್ಸಂಜೆಮಾತು

ನಡುವೆ ಬಂದುದಕ್ಕೆ ಕ್ಷಮಿಸಿ. ನಮ್ಮ ದೊಡ್ಡಮ್ಮನಿಗೂ ನಡೆಯುವಾಗ ಬಹಳ ಏದುಸಿರು. ಆಕ್ಸಿಮೀಟರಿನಲ್ಲಿ ಮಾತ್ರ ಕುಳಿತಾಗ 94, ನಡೆದಾಗ 91. ವೈದ್ಯರು ಆಮ್ಲಜನಕ ಬೇಡ ಎನ್ನುತ್ತಿದ್ದಾರೆ. ಮುಂಜಾಗ್ರತೆಗೆಂದು ಒಂದು ಹೆಗಲ ಯಂತ್ರ ತಂದುಕೊಂಡರೆ ತಪ್ಪೇನು?

ಉಸಿರುಗಾವಲು

ವೈದ್ಯರು ಹೇಳಿದ್ದು ಸರಿಯಾಗಿಯೇ ಇದೆ ಎಂದು ನನಗನ್ನಿಸುತ್ತದೆ. ಏದುಸಿರು ಬೇರೆ, ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುವುದು ಬೇರೆ. ಸಿಒಪಿಡಿ ಇರುವ, ಮಟ್ಟ ತೀರ ಕುಸಿಯದೆ ಮಧ್ಯಮವಾಗಿ ಮಾತ್ರ ಇಳಿಯುವ 738 ಜನರನ್ನು ಒಳಗೊಂಡು ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಆಮ್ಲಜನಕ ಕೊಟ್ಟವರಿಗೂ ಕೊಡದವರಿಗೂ ಆಯುಷ್ಯದಲ್ಲಾಗಲಿ ಆಸ್ಪತ್ರೆ ಸೇರುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ದೊಡ್ಡಮ್ಮನವರ ಏದುಸಿರಿಗೆ ಕಾರಣ ಹೃದಯದಲ್ಲಿರಬಹುದು, ರಕ್ತಹೀನತೆಯಲ್ಲಿರಬಹುದು, ಇನ್ಹೇಲರ್ ಬಳಸುವ ರೀತಿಯಲ್ಲಿಯೂ ಇರಬಹುದು. ಯಂತ್ರ ತಂದಿಟ್ಟುಕೊಂಡರೆ ಆ ಕಾರಣವನ್ನು ಹುಡುಕುವುದು ಹಿಂದೆ ಬೀಳುತ್ತದೆ. ನನ್ನ ಆಕ್ಷೇಪಣೆ ಇರುವುದು ಅಲ್ಲಿಯೇ.

ಹೊಂಗೆನೆರಳು ಅವರ ತಂದೆಯವರ ಸಂಗತಿ ಬೇರೆ. ದಿನಕ್ಕೆ 15 ಗಂಟೆ ಎಂಬ ಮಾತು ಬಂದದ್ದು ವಿಶ್ರಾಂತಿಯಲ್ಲಿಯೇ ಮಟ್ಟ ತೀರ ಕುಸಿದಿದ್ದ ರೋಗಿಗಳ ಮೇಲೆ ನಡೆಸಿದ, 1980 ಮತ್ತು 1981ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಿಂದ. ಹೆಚ್ಚು ಗಂಟೆ ಆಮ್ಲಜನಕ ಪಡೆದವರು ಹೆಚ್ಚು ಕಾಲ ಬದುಕಿದರು. ಹೊರಗೆ ಓಡಾಡುವ ಹೊತ್ತೂ ಆ ಗಂಟೆಗಳ ಲೆಕ್ಕಕ್ಕೆ ಸೇರಬೇಕಾದರೆ, ಆ ಹೊತ್ತಿನಲ್ಲಿ ಯಂತ್ರ ನಿಜವಾಗಿಯೂ ಮಟ್ಟವನ್ನು ಹಿಡಿದಿಟ್ಟಿರಬೇಕು.

ಹೊಂಗೆನೆರಳು

ಎಲ್ಲರಿಗೂ ಬಹಳ ಕೃತಜ್ಞತೆಗಳು. ಮೂರು ಸಂದೇಹಗಳು ಉಳಿದಿವೆ. ತಂದೆಯವರು ನಿದ್ದೆಯಲ್ಲಿ ಬಾಯಿ ತೆರೆದುಕೊಂಡು ಉಸಿರಾಡುತ್ತಾರೆ. ಬೇರೆ ಊರಿನಲ್ಲಿ ತಂಗಿದಾಗ ಹೆಗಲ ಯಂತ್ರವನ್ನೇ ರಾತ್ರಿಯೂ ಬಳಸಬಹುದೇ? ವಿಮಾನದಲ್ಲಿ ಸಿಲಿಂಡರ್ ಒಯ್ಯಬಹುದೇ? ಕಾರಿನ ಸಾಕೆಟ್‌ಗೆ ಹಾಕಿಕೊಂಡು ದಾರಿಯುದ್ದಕ್ಕೂ ಯಂತ್ರ ನಡೆಸಬಹುದೇ?

ಉಸಿರುಗಾವಲು

ರಾತ್ರಿಗೆ ಪಲ್ಸ್ ಯಂತ್ರವನ್ನು ನಾನಾಗಿ ಒಪ್ಪುವುದಿಲ್ಲ. ನಿದ್ದೆಯಲ್ಲಿ ಉಸಿರು ಮೇಲುಮೇಲಕ್ಕೆ ಆಡುತ್ತದೆ, ಬಾಯಿ ತೆರೆದಿದ್ದರೆ ಮೂಗಿನಲ್ಲಿ ಎಳೆತ ಇನ್ನೂ ದುರ್ಬಲವಾಗುತ್ತದೆ; ಯಂತ್ರ ಕೆಲವು ಉಸಿರುಗಳನ್ನು ಗುರುತಿಸದೆ ಬಿಟ್ಟುಬಿಡಬಹುದು. ರಾತ್ರಿಯಿಡೀ ದಾಖಲಿಸುವ ಆಕ್ಸಿಮೀಟರ್ ಕಟ್ಟಿ, ಅದೇ ಯಂತ್ರದಲ್ಲಿ ಮಟ್ಟ ನಿಂತಿದೆ ಎಂದು ವೈದ್ಯರು ಹೇಳಿದರೆ ಮಾತ್ರ ಬಳಸಿ. ಇಲ್ಲವಾದರೆ ತಂಗುವ ಕಡೆಗೆ ನಿರಂತರ ಹರಿವಿನ ಯಂತ್ರವನ್ನು ಮೊದಲೇ ಬಾಡಿಗೆಗೆ ತರಿಸಿಡಿ. ಹಗಲಿನಲ್ಲಿಯೂ ಪಲ್ಸ್ ಯಂತ್ರಕ್ಕೆ ತಯಾರಕರು ಹೇಳಿದ್ದಕ್ಕಿಂತ ಉದ್ದದ ನಳಿಕೆಯನ್ನಾಗಲಿ, ನೀರಿನ ಬಾಟಲಿಯನ್ನಾಗಲಿ ಜೋಡಿಸಬೇಡಿ. ಉಸಿರಿನ ಸುಳಿವು ಯಂತ್ರಕ್ಕೆ ತಡವಾಗಿ ಮುಟ್ಟುತ್ತದೆ, ಇಲ್ಲವೇ ಮುಟ್ಟುವುದೇ ಇಲ್ಲ.

ಪ್ರಯಾಣಿಕರು ಸ್ವಂತ ಸಿಲಿಂಡರ್ ಅಥವಾ ದ್ರವ ಆಮ್ಲಜನಕ ತರುವುದನ್ನು ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಪ್ಪಿಗೆ ಪಡೆದ ಕಾನ್ಸನ್‌ಟ್ರೇಟರ್‌ಗಳನ್ನು ಒಪ್ಪುತ್ತವೆ. ಹಾರಾಟದ ಒಟ್ಟು ಅವಧಿಯ ಒಂದೂವರೆ ಪಟ್ಟು ಬರುವಷ್ಟು ಬ್ಯಾಟರಿ ಇರಬೇಕೆಂದು ಹಲವು ಸಂಸ್ಥೆಗಳು ಕೇಳುತ್ತವೆ. ಹೆಚ್ಚುವರಿ ಬ್ಯಾಟರಿಗಳು ಕೈಚೀಲದಲ್ಲಿಯೇ ಇರಬೇಕು. ವೈದ್ಯರ ಪತ್ರ ಬೇಕಾಗುವುದರಿಂದ ಟಿಕೆಟ್ ಮಾಡಿಸುವಾಗಲೇ ವಿಚಾರಿಸಿ. ಅದಕ್ಕಿಂತ ಮುಖ್ಯವಾಗಿ, ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ಸಮುದ್ರಮಟ್ಟದಲ್ಲಿ ಶೇಕಡ 15ರಷ್ಟು ಮಾತ್ರ ಆಮ್ಲಜನಕವಿರುವ ಗಾಳಿಯನ್ನು ಉಸಿರಾಡಿದಂತೆ ಅದು. ನೆಲದ ಮೇಲೆ 2 ಲೀಟರ್ ಸಾಕಾದವರಿಗೆ ಅಲ್ಲಿ ಹೆಚ್ಚು ಬೇಕಾಗಬಹುದು. ಆ ಹೆಚ್ಚುವರಿಯನ್ನು ಕೊಡುವ ಶಕ್ತಿ ನೀವು ಆರಿಸಿದ ಯಂತ್ರಕ್ಕೆ ಇದೆಯೇ ಎಂಬುದನ್ನು ವೈದ್ಯರ ಜೊತೆ ಈಗಲೇ ಚರ್ಚಿಸಿ.

ಜರಡಿಮನೆ

ಕಾರಿನ ಸಾಕೆಟ್‌ನಲ್ಲಿ ನಡೆಸಬಹುದು, ಆದರೆ ಯಂತ್ರಕ್ಕೆಂದೇ ತಯಾರಕರು ಕೊಟ್ಟ ತಂತಿಯನ್ನೇ ಬಳಸಿ. ಕೆಲವು ಯಂತ್ರಗಳು, ಅದರಲ್ಲೂ ನಿರಂತರ ಹರಿವಿನವು, ಮೇಲಿನ ಅಂಕಿಗಳಲ್ಲಿ ಓಡುವಾಗ ಕಾರಿನ ವಿದ್ಯುತ್ತನ್ನೆಲ್ಲ ತಾವೇ ತಿಂದುಬಿಡುತ್ತವೆ, ಬ್ಯಾಟರಿ ಚಾರ್ಜ್ ಆಗುವುದಿಲ್ಲ. ತಲುಪುವ ಹೊತ್ತಿಗೆ ಬ್ಯಾಟರಿ ತುಂಬಿರುತ್ತದೆಂದು ನಂಬಿ ಇಳಿದವರಿಗೆ ಕಷ್ಟವಾಗುತ್ತದೆ. ಎಂಜಿನ್ ಚಾಲೂ ಮಾಡಿದ ನಂತರ ಸಿಕ್ಕಿಸಿ, ನಿಲ್ಲಿಸುವ ಮೊದಲು ತೆಗೆಯಿರಿ. ಯಂತ್ರವನ್ನು ಸೀಟಿನ ಕೆಳಗೆ ತುರುಕಬೇಡಿ, ಗಾಳಿ ಒಳಹೋಗುವ ಮತ್ತು ಹೊರಬರುವ ಕಿಂಡಿಗಳು ತೆರೆದಿರಲಿ. ಬಾಡಿಗೆ ಯಂತ್ರ ಬಂದಾಗ ಅದರ ಕೈಪಿಡಿಯಲ್ಲಿರುವ ಮಿಲಿಲೀಟರ್ ಕೋಷ್ಟಕವನ್ನು ಇಲ್ಲಿ ಹಾಕಿ, ನಡಿಗೆಯ ಪರೀಕ್ಷೆಯ ಅಂಕಿಗಳ ಜೊತೆ ಸೇರಿಸಿ ನೋಡೋಣ.